ಹದಿನೇಳನೇ ಕೊಳವೆ ಬಾವಿ ಮುಚ್ಚಿದ ಕಾರಣ

ಫೆಬ್ರವರಿ 30, 2191
ಕೂಡುದಫ್ತರ, ಹಿರೇಬೂದಿಹಾಳ

ನೀರು ಪರೀಕ್ಷೆಯ ಸಹಾಯಕಿ ಹುಲಿಗೆಮ್ಮನವರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಇಲಾಖೆಗಳ ತಿಂಗಳ ವರದಿಗಳು ಒಂದಕ್ಕೊಂದು ತಾಳೆಯಾಗಲೆಂದು ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಸರ್ಕಾರದ ಲೆಕ್ಕಕ್ಕಿಲ್ಲ. ಆಗ ಹುಟ್ಟಿದವರ ಪಾಡು ದೇವರಿಗೇ ಪ್ರೀತಿ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕೂಡುದಫ್ತರವೆಂದರೆ ನೀರು, ಆರೋಗ್ಯ, ಶಾಲೆ ಎಲ್ಲರ ಕಡತಗಳೂ ಒಂದೇ ಕಡೆ ಸಿಗುವ ಕಚೇರಿ. ನಿಮ್ಮ ಕಾಲದವರು ಬಯಸಿದ್ದು ಇದನ್ನೇ ಅಲ್ಲವೇ? ಸಿಕ್ಕಿದೆ. ನಾನು ಇಲ್ಲಿಯ ಗುಮಾಸ್ತೆ.

ನಾಲೆ ನಿಂತು ಹನ್ನೊಂದು ದಿನವಾಯಿತು. ತಲೆಗೆ ಎರಡು ಲೋಟದಂತೆ ನೀರು ಕೊಡುವ ಗುಟುಕುಚೀಟಿ ಹಂಚುತ್ತಿದ್ದೇವೆ. ನಾಳೆಗೆ ಅದೂ ಇಲ್ಲ, ಸುತ್ತಲ ಊರುಗಳದ್ದೂ ಇದೇ ಗತಿ. ಉಳಿದಿರುವುದು ನೂರು ವರ್ಷಕ್ಕೂ ಹಿಂದೆ ನೀವು ಮುಚ್ಚಿಸಿದ ಹದಿನೇಳನೇ ಕೊಳವೆ ಬಾವಿ. ಅದರಲ್ಲಿ ನೀರು ಧಾರಾಳವಾಗಿದೆ. ಯಾಕೆ ಮುಚ್ಚಿಸಿದಿರಿ? ನಿಮ್ಮ ರಿಜಿಸ್ಟರಿನ ಕಾರಣದ ಕಾಲಮ್ಮಿನಲ್ಲಿ ‘ಮೇಲಿನಂತೆ’ ಎಂದಷ್ಟೇ ಇದೆ.

ನೀವು ಬರೆದಾಗ ಮೇಲಿನ ಸಾಲಿನಲ್ಲಿ ಸರಿಯಾದ ಕಾರಣವೇ ಇದ್ದಿರಬೇಕು. ಆರೋಗ್ಯ ಇಲಾಖೆಗೆ ಕಳಿಸುವಾಗ ಯಾರೋ ಪುಣ್ಯಾತ್ಮರು ಊರುಗಳನ್ನು ಅಕಾರಾದಿಯಾಗಿ ಜೋಡಿಸಿದರು, ಸಾಲುಗಳೆಲ್ಲ ಕದಲಿದವು. ಈಗ ಮೇಲಿರುವುದು ‘ಮೋಟಾರು ಸುಟ್ಟಿದೆ’. ಅದೇ ಪುಟದ ಕೆಳಗೆ ಇನ್ನೊಂದು ಬಾವಿಗೆ ‘ಆರ್ಸೆನಿಕ್ ವಿಷ, ಕುಡಿಯಲು ಯೋಗ್ಯವಲ್ಲ’ ಎಂದಿದೆ. ಎರಡರಲ್ಲಿ ನಿಮ್ಮದು ಯಾವುದು? ಮತ್ತೆ ಪರೀಕ್ಷೆ ಮಾಡಿಸೋಣವೆಂದರೆ ‘ಒಮ್ಮೆ ಕೇಳು’ ನಿಯಮ ಅಡ್ಡ ಬರುತ್ತದೆ: ಒಂದು ಇಲಾಖೆ ಪಡೆದ ಮಾಹಿತಿಯನ್ನು ಇನ್ನೊಂದು ಇಲಾಖೆ ಮತ್ತೆ ಕೇಳುವಂತಿಲ್ಲ. ದಾಖಲೆ ಇದೆಯಲ್ಲ ಎಂದು ಪ್ರಯೋಗಾಲಯದವರು ನೀರಿನ ಸೀಸೆ ವಾಪಸು ಕಳಿಸಿದರು.

ಬಾವಿ ತೆರೆಯಲು ಇಂದು ಸಂಜೆ ಐದು ಗಂಟೆಯೊಳಗೆ ನಾನು ಸಹಿ ಹಾಕಬೇಕು. ಸೊಸೆ ಬಾಗಿಲಲ್ಲೇ ನಿಂತು, “ಅತ್ತೀ, ಸಹಿ ಮಾಡ್ರಿ. ಕೂಸಿನ ತುಟಿ ಒಡದು ರಕ್ತ ಬರಾಕತ್ತೈತಿ” ಎಂದು ಹೇಳಿ ಹೋದಳು. ಸಹಿ ಹಾಕದಿದ್ದರೆ ನನ್ನ ಮೊಮ್ಮಗಳು ಈ ವಾರ ಉಳಿಯುವುದು ಕಷ್ಟ. ಹಾಕಿದ ಮೇಲೆ ಅದು ವಿಷದ ನೀರೇ ಆಗಿದ್ದರೆ, ಅದರ ಗುರುತಾಗಿ ಅವಳ ಅಂಗೈಯಲ್ಲಿ ಗಂಟು ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಊರೆಲ್ಲ ಕುಡಿದಿರುತ್ತದೆ. ನನಗೆ ಭಯವಾಗಿದೆ.

ನಿಮ್ಮ ಮೇಲೆ ಸಿಟ್ಟೂ ಇದೆ. ಕಾರಣ ಬರೆಯಲು ನಾಲ್ಕು ಪದ ಸಾಕಿತ್ತು. ಆದರೆ ನಿನ್ನೆಯವರೆಗೆ ನಾನೂ ಹಾಗೆಯೇ ಬರೆಯುತ್ತಿದ್ದೆ.

ಈ ಕಾಗದ ತಲುಪುವಾಗ ರಿಜಿಸ್ಟರು ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ, ಹದಿನೇಳನೇ ಬಾವಿಯ ಕಾರಣವನ್ನು ಪೂರ್ತಿ ಬರೆಯಿರಿ. ನೀವು ಬರೆದರೆ ನನ್ನೆದುರಿನ ಪುಟದಲ್ಲಿ ಅದು ಕಾಣಲೇಬೇಕು. ಬೆಳಗಿನಿಂದ ಎವೆಯಿಕ್ಕದೆ ನೋಡುತ್ತಿದ್ದೇನೆ. ಐದಕ್ಕೆ ಹತ್ತು ನಿಮಿಷವಿದೆ.

ಬರೆಯಿರಿ, ತಾಯಿ.