ತಿರುಗಿದ ಸೀಟು

ಮಾರ್ಚ್ ೪, ಸೋಮವಾರ. ಬೆಳಿಗ್ಗೆ ೬.೧೦
ಕೇಳಿರಿ, ಕೇಳಿರಿ! ಹ್ಯಾಂಡಲ್ ಬಾಗಿಸಿ ಸಾಲಾಗಿ ನಿಂತ ಮಹಾಜನರೇ! ನಲವತ್ತು ಸೈಕಲ್ಲುಗಳ ಈ ತುಂಬಿದ ಸಭೆಗೆ ಮೆಕ್ಯಾನಿಕ್ ಮಹಾಶಯನ ಸಾಷ್ಟಾಂಗ!

ಗುಡ್ಡದ ಮೇಲಿನ ಸ್ಟ್ಯಾಂಡು. ಸುತ್ತ ನರಪಿಳ್ಳೆ ಇಲ್ಲ, ಅದಕ್ಕೇ ಈ ಗಂಟಲು. ಇನ್ನರ್ಧ ಗಂಟೆಗೆ ಜನ ಬರುತ್ತಾರೆ. ಫೋನು ತೋರಿಸಿ ಬಾಡಿಗೆ ಸೈಕಲ್ ಬಿಡಿಸಿಕೊಂಡು, ಇಳಿಜಾರಿನಲ್ಲಿ ಸುಯ್ಯೆಂದು ಪೇಟೆಗೆ ಇಳಿಯುತ್ತಾರೆ.

ಮೂಲೆಯ ೨೧೭ರ ಸೀಟು ಹಿಂದುಮುಂದಾಗಿತ್ತು. ಗಾಡಿ ಕೆಟ್ಟಿದ್ದರೆ ಸವಾರರು ಹಾಗೆ ತಿರುಗಿಸಿಡುವುದುಂಟು — ಹಿಂದೆ ಬರುವವರು ಮುಟ್ಟದಿರಲಿ ಎಂದು. ಹಿಂದಿನ ಚಕ್ರ ಎತ್ತಿದೆ, ತಿರುಗಿಸಿದೆ, ಬ್ರೇಕ್ ಒತ್ತಿದೆ. ಗಕ್ಕನೆ ನಿಂತಿತು. ಯಾರೋ ಪೋಕರಿಗಳ ಕೆಲಸ. ಸೀಟು ನೇರ ಮಾಡಿ 'ಸರಿ ಇದೆ' ಎಂದು ಟಿಕ್ ಹಾಕಿದೆ.

ಮಾರ್ಚ್ ೫
ಮತ್ತೆ ೨೧೭. ಎತ್ತಿದೆ, ಒತ್ತಿದೆ, ನಿಂತಿತು. ಟಿಕ್.

ಸೂಪರ್‌ವೈಸರ್ ಬಂದ. "ಏನ್ ಯಜಮಾನ್ರೇ, ಇದ್ಯಾಕೆ ಮುನಿಸ್ಕೊಂಡು ಬೆನ್ನು ತೋರಿಸ್ತಿದೆ? ಶನಿವಾರ ದೊಡ್ಡೋರು ಬರ್ತಾರೆ. ಹೊಗೆ ಇಲ್ಲದ ಊರು ಅಂತ ಫೋಟೋ ತೆಗೀತಾರೆ. ನಲವತ್ತೂ ಮುಂದೆ ನೋಡ್ತಿರಬೇಕು."

"ಅಪ್ಪಣೆ, ಪ್ರಭೂ!" ಎಂದೆ, ನಡು ಬಗ್ಗಿಸಿ. ನಕ್ಕ. ನಾನೂ ನಕ್ಕೆ.

ಮಾರ್ಚ್ ೯, ಶನಿವಾರ
ಮೂರು ದಿನ ಬರೆಯಲಿಲ್ಲ. ಮೂರು ದಿನವೂ ಅದೇ ಸೀಟು, ಅದೇ ಟಿಕ್. ಇಂದು ಬ್ರೇಕಿನ ಹಿಡಿಗೆ ಬ್ಯಾಂಡೇಜು ಬಟ್ಟೆ ಬೇರೆ ಸುತ್ತಿತ್ತು, ಬಲು ನಾಜೂಕಾಗಿ ಗಂಟು ಹಾಕಿ. ಬಿಚ್ಚಿ ಗ್ರೀಸ್ ಒರೆಸಿದೆ. ಇಂದೂ ಟಿಕ್ ಹಾಕಿದೆ.

ಫೋಟೋಗೆಂದು ೨೧೭ನ್ನೇ ತೊಳೆದು ಸಾಲಿನ ಮುಂದೆ ನಿಲ್ಲಿಸಿದೆ. ಇಷ್ಟು ದಿನ ಮೂಲೆಯಲ್ಲಿತ್ತು, ಯಾರೂ ತಗೊಳ್ಳುತ್ತಿರಲಿಲ್ಲ. ಈಗ ಮದುಮಗಳ ಹಾಗೆ ಮಿನುಗುತ್ತಿದೆ.

ಮಾರ್ಚ್ ೧೦, ಭಾನುವಾರ. ಸಂಜೆ ೬.೩೦
ನನಗೆ ರಜೆ. ಮಗಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಳು. ತೋಳು ಮಡಿಸಿದಾಗ ಕಂಡಿತು — ಮೊಣಕೈಗೆ ಪಟ್ಟಿ. ಅದೇ ಬಟ್ಟೆ. ಅದೇ ಗಂಟು.

"ಏನಮ್ಮಾ ಇದು?"

"ಹಳೇದು, ಅಪ್ಪ. ಹೋದ ಭಾನುವಾರದ್ದು. ೨೧೭. ಇಳಿಜಾರಲ್ಲಿ ಬ್ರೇಕು ಹಿಡೀಲೇ ಇಲ್ಲ, ಬೇಲಿಗೆ ಗುದ್ದಿ ನಿಲ್ಲಿಸ್ದೆ. ವಾಪಸ್ ತಳ್ಕೊಂಡು ಬಂದು ಮೂಲೇಲಿ ಬಿಟ್ಟೆ. ಹೇಳಿದ್ರೆ ನೀವು ಮೂರಂಕದ ನಾಟಕ ಆಡ್ತೀರಿ ಅಂತ ಸುಮ್ನಿದ್ದೆ."

"ಸೀಟು..."

"ನಾನೇ. ನಿಮ್ಮ ಕಣ್ಣಿಗೆ ಬೀಳಲಿ ಅಂತ ದಿನಾ ಸಂಜೆ ತಿರುಗಿಸಿಟ್ಟೆ. ನೀವು ನೋಡೋದ್ರೊಳಗೆ ಯಾವನೋ ಕತ್ತೆ ನೇರ ಮಾಡಿಬಿಡ್ತಾನೆ. ನಿನ್ನೆ ಮೂಲೇಲಿ ಕಾಣ್ಲಿಲ್ಲ, ಅಂತೂ ರಿಪೇರಿಗೆ ಹೋಯ್ತು ಅಂದ್ಕೊಂಡೆ."

ಎತ್ತಿ ಹಿಡಿದ ಖಾಲಿ ಚಕ್ರ ನಿಲ್ಲುತ್ತದೆ. ಮನುಷ್ಯರ ಭಾರ ಹೊತ್ತದ್ದು ನಿಲ್ಲುವುದಿಲ್ಲ. ಒಂದು ದಿನವಾದರೂ ಮೇಲೆ ಕೂತು ಇಳಿದು ನೋಡಲಿಲ್ಲವಲ್ಲ!

೮.೧೫
ಸ್ಟ್ಯಾಂಡಿಗೆ ಓಡಿದೆ. ಮೂವತ್ತೊಂಬತ್ತು.

ಸಂಜೆ ಐದು ಮುಕ್ಕಾಲಿಗೆ ಯಾರೋ ೨೧೭ನ್ನು ದಿನದ ಬಾಡಿಗೆಗೆ ಬಿಡಿಸಿಕೊಂಡಿದ್ದಾರೆ. ಫೋನಿನ ಮ್ಯಾಪಿನಲ್ಲಿ ಕೆಂಪು ಚುಕ್ಕೆ ಗುಡ್ಡದ ಮೇಲೆಯೇ, ಅಲುಗಾಡದೆ ಕೂತಿದೆ. ಸುತ್ತಿನ ಐವತ್ತು ಮನೆಗಳಲ್ಲಿ ಯಾವುದೋ. ಗೇಟು ಗೇಟಿಗೂ ಹೋಗಿ ಕೂಗಿದೆ. ನಾಯಿಗಳು ಮಾತ್ರ ಓಗೊಟ್ಟವು.

ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. "ಗಿರಾಕಿ ನಂಬರ್ ಕೊಡೋ ಹಾಗಿಲ್ಲ ಯಜಮಾನ್ರೇ. ಅಲ್ಲದೆ ರೆಕಾರ್ಡಲ್ಲಿ ಆರು ಟಿಕ್ ಇದೆ, ಸರಿ ಇದೆ ಅಂತ. ಯಾರ್ದು ಅವು? ನಿಮ್ಮದೇ ಅಲ್ವಾ?"

ನನ್ನವೇ. ಆರೂ ನನ್ನವೇ.

ಅವರ ಮನೆಯಲ್ಲಿ ಈಗ ಊಟ ನಡೆದಿರಬೇಕು. ಬೆಳಿಗ್ಗೆ ಬೇಗ ಹೊರಡಬೇಕು, ಹೊಸದರಂತಿರುವ ಸೈಕಲ್ ಸಿಕ್ಕಿದೆ ಎನ್ನುತ್ತಿರಬಹುದು. ಯಾರ ಮಗಳೋ. ಯಾರ ಅಪ್ಪನೋ.

ಗುಡ್ಡದಿಂದ ಇಳಿಯಲು ಇರುವುದು ಅದೊಂದೇ ರಸ್ತೆ. ನಾಳೆ ಬೆಳಿಗ್ಗೆ ನಾಲ್ಕೂವರೆಗೇ ಇಳಿಜಾರಿನ ನೆತ್ತಿಯಲ್ಲಿ ನಿಲ್ಲುತ್ತೇನೆ. ೨೧೭ ಕಂಡೊಡನೆ ಎರಡೂ ಕೈ ಚಾಚಿ ರಸ್ತೆಗೆ ಅಡ್ಡ ಬರುತ್ತೇನೆ, ನಿಲ್ಲಿ ಎಂದು ಕೂಗುತ್ತೇನೆ, ಅವರು ಬ್ರೇಕ್ ಒತ್ತು—