ಹಿಗ್ಗಿದ ಟೇಪು

ಮಂಗಳವಾರ, ಜುಲೈ ೧೪

ನನ್ನ ಮುದ್ದಿನ ಅಕ್ಕಾ,

ಅಮ್ಮ ನಿನಗೆ ಕಳಿಸುತ್ತಿರುವ ಬಟ್ಟೆಗಳ ನಡುವೆ ಈ ಕಾಗದ ತುರುಕಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾಳೆ. ಕೊರೊನಾ ವಾರ್ಡಿನ ಡ್ಯೂಟಿಯಲ್ಲಿ ಆ ಪ್ಲಾಸ್ಟಿಕ್ ಅಂಗಿ ತೊಟ್ಟ ನಿನ್ನ ಫೋಟೊ ನೋಡಿ, ಹೊಲಿಗೆ ಸರಿಯಿಲ್ಲ ಎಂದಳು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಓಟ ಹೇಗಿದೆ ಎಂದು ನೀನು ಕೇಳಿದಾಗಲೆಲ್ಲ ಚೆನ್ನಾಗಿದೆ ಎಂದೆ. ಸುಳ್ಳು. ಲಾಕ್‌ಡೌನಿಗೆ ಮೈದಾನ ಮುಚ್ಚಿದ ಮೇಲೆ ಕೋಚ್ ಮೇಡಂ ನಮ್ಮ ಹನ್ನೊಂದು ಹುಡುಗಿಯರಿಗೂ ಮನೆಯ ಹತ್ತಿರವೇ ಸಾವಿರದೈನೂರು ಮೀಟರ್ ಓಡಿ, ಸಮಯ ಕಳಿಸಲು ಹೇಳಿದರು. ನಾನು ಅಮ್ಮನ ಹೊಲಿಗೆ ಟೇಪಿನಿಂದ ತಾರಸಿ ಅಳೆದು ಸುತ್ತು ಲೆಕ್ಕ ಹಾಕಿಕೊಂಡೆ. ದಿನಾ ಸಂಜೆ ಗ್ರೂಪಿನಲ್ಲಿ ಪಟ್ಟಿ. ಮೈದಾನದಲ್ಲಿ ಯಾವಾಗಲೂ ಮೊದಲಿದ್ದವಳು ಐದನೆಯವಳಾದೆ, ಆಮೇಲೆ ಹನ್ನೊಂದನೆಯವಳು. ಮನೇಲಿ ಕೂತು ಮೈ ಬಂದಿದೆಯೇನಮ್ಮ ಎಂದು ಮೇಡಂ ತಮಾಷೆ ಮಾಡಿದರು. ಎಲ್ಲರೂ ನಗುವ ಮುಖ ಹಾಕಿದರು. ನಾನೂ ಒಂದು ಹಾಕಿದೆ. ಅವತ್ತಿನಿಂದ ಕನ್ನಡಿಯ ಮುಂದೆ ನಿಂತು ತೊಡೆ ಚಿವುಟಿ ನೋಡುವುದು, ಹೊಟ್ಟೆ ತುಂಬಿತು ಎಂದು ಅರ್ಧಕ್ಕೇ ತಟ್ಟೆ ಬಿಟ್ಟೇಳುವುದು.

ಕಳೆದ ವಾರ ಅಮ್ಮನಿಗೆ ಐವತ್ತು ಗೌನು ಹೊಲಿಯಲೆಂದು ಕೊಟ್ಟ ಬಟ್ಟೆ ನಲವತ್ತೆಂಟಕ್ಕೇ ಮುಗಿಯಿತು. ಬಟ್ಟೆ ಕಡಿಮೆ ಕೊಟ್ಟರೆಂದು ಅಂಗಡಿಯವರನ್ನು ವಾಚಾಮಗೋಚರ ಬೈದಳು. ಕೊನೆಗೆ ಹೊಸ ಟೇಪು ತಂದು ಹಳೆಯದರ ಪಕ್ಕ ಹಾಸಿದರೆ, ಎಳೆದೆಳೆದು ಹಳೆಯದು ಅರವತ್ತು ಇಂಚಿಗೆ ಎರಡು ಇಂಚು ಹಿಗ್ಗಿತ್ತು. ವಯಸ್ಸಾಯ್ತು ಕಣೇ ಇದಕ್ಕೂ, ನನ್ನ ಹಾಗೆ ಎಂದು ನಕ್ಕಳು. ನಾನು ಲೆಕ್ಕ ಹಾಕಿದೆ. ದಿನಾ ಐವತ್ತು ಮೀಟರ್ ಹೆಚ್ಚು ಓಡಿದ್ದೆ. ಅದನ್ನು ಕಳೆದರೆ ಮೊದಲ ವಾರ ನಾನೇ ಮೊದಲನೆಯವಳು. ಆಮೇಲಿನದು ಟೇಪಿನ ತಪ್ಪಲ್ಲ. ಕೈಲಾಗದವಳು ಎಂದು ನಂಬಿಕೊಂಡೇ ಓಡಿದ್ದು.

ಅಳು ಬರಬೇಕಿತ್ತು, ಇಲ್ಲವೇ ಸಿಟ್ಟು. ಏನೂ ಬರಲಿಲ್ಲ, ಅಕ್ಕಾ. ಹನ್ನೊಂದನೆಯವಳಾಗಿರುವುದು ಅಭ್ಯಾಸವಾಗಿಬಿಟ್ಟಿದೆ. ಮೇಡಂಗೆ ಟೇಪಿನ ವಿಷಯ ಹೇಳಲಿಲ್ಲ. ತಂಡದ ಆಯ್ಕೆಗೆ ಹೆಸರು ಕೊಡಲು ನಿನ್ನೆ ಕಡೆಯ ದಿನ. ಮಂಡಿ ನೋವು, ಬರಲಾಗದು ಎಂದು ಬರೆದು ಕಳಿಸಿದೆ. ಮಂಡಿ ಚೆನ್ನಾಗಿದೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈ ತೊಳೆದೇ ಬರೆದಿದ್ದೇನೆ, ಹೆದರಬೇಡ.

ನಿನ್ನ
ಕುಳ್ಳಿ

ತಾ.ಕ.: ಅಮ್ಮನಿಗೆ ಇದೊಂದೂ ಗೊತ್ತಿಲ್ಲ. ಬೆಳಿಗ್ಗೆ ಬೂಟು ಹಾಕಿಕೊಂಡು ಮೇಲೆ ಹೋಗಿ, ಅವಳು ಹೊಲಿಯುವ ಕೋಣೆಯ ನೆತ್ತಿಯ ಮೇಲೆ ನಿಂತಲ್ಲೇ ಕಾಲು ಬಡಿಯುತ್ತೇನೆ, ಇಪ್ಪತ್ತು ನಿಮಿಷ. ಇವತ್ತು ಕೆಳಗಿಳಿದಾಗ ಬೆನ್ನು ಸವರಿದಳು. ಮೊದಲಿನ ಹಾಗೇ ಓಡ್ತಿದ್ದೀಯ ಕಣೇ, ಸದ್ದು ಕೇಳಿದ್ರೇ ಗೊತ್ತಾಗುತ್ತೆ ಎಂದಳು.