ಫ್ರಿಜ್ಜಿನ ಮೇಲಿನ ಪೋಸ್ಟರ್

ಅಭಿಮಾನಿ ಸಂಘದ ಅಧ್ಯಕ್ಷರೇ,

ನಾನು ಲ್ಯಾಬಿಗೆ ಹೊರಟೆ. ತಾವು ಏಳುವುದು ಹತ್ತಕ್ಕಲ್ಲವೇ, ಅದಕ್ಕೇ ಈ ಚೀಟಿ.

ಹಾಲು ಕಾಯಿಸಿದ್ದೇನೆ, ಆರಿದ ಮೇಲೆ ಒಳಗಿಡು. ಹನ್ನೊಂದಕ್ಕೆ ಅಜ್ಜಿಯ ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕು.

ಟಿವಿ, ನನ್ನ ಹಳೇ ಫೋನು ಎರಡನ್ನೂ ಆಫ್ ಮಾಡಿದ್ದೇನೆ. ನೋಡುವವರ ಸಂಖ್ಯೆ ಏರಲಿ ಅಂತ, ಕಂಪನಿಯವರು ನಿಲ್ಲಿಸಿದ ಸೀರಿಯಲ್ಲನ್ನು ಮೂರು ದಿನದಿಂದ ಅವೆರಡರಲ್ಲೂ ಸದ್ದಿಲ್ಲದೆ ಓಡಿಸುತ್ತಾ ಇದ್ದೀಯಲ್ಲ? ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ನಿನ್ನ ಸಂಘಕ್ಕೆ ಕಂಪನಿಯವರು ಬರೆದ ಕಾಗದವನ್ನು ನಿನ್ನೆ ನೀನೇ ಜೋರಾಗಿ ಓದಿದೆ: ಜನ ನೋಡಲು ಶುರು ಮಾಡುತ್ತಾರೆ, ಮುಗಿಸುವುದಿಲ್ಲ, ಅದಕ್ಕೇ ನಿಲ್ಲಿಸಿದೆವು. ಓದಿ ಅವರನ್ನು ಕೊಲೆಗಾರರು ಅಂದೆ. ನೀನೇನೋ ಮೂರೂ ಸೀಸನ್ ಮುಗಿಸಿದ್ದೀಯ, ಆದರೆ ಜಾಹೀರಾತು ಇರಲ್ಲ ಅಂತ ಸ್ನೇಹಿತ ಕಳಿಸಿದ ಕದ್ದ ಕಾಪಿಯಲ್ಲಿ. ಚಂದಾ ಕಟ್ಟಿದ ನಮ್ಮ ಟಿವಿಯಲ್ಲಿ ಅದನ್ನು ಹಾಕುತ್ತಿದ್ದವಳು ಅಜ್ಜಿ ಒಬ್ಬಳೇ. ದಿನಾ ಮಧ್ಯಾಹ್ನ ಮೊದಲನೇ ಕಂತು, ಹತ್ತೇ ನಿಮಿಷಕ್ಕೆ ಗೊರಕೆ. ಈ ಮನೆಯಿಂದ ಕಂಪನಿಯವರಿಗೆ ಕಂಡಿದ್ದು ಅಷ್ಟೇ. ನಿನ್ನ ಸಂಘದ ನಾನೂರು ಶೂರರೂ ಹೀಗೇ ನೋಡಿದ್ದರೆ ಕಂಪನಿಯವರು ಯಾರ ಮುಖ ನೋಡಿ ಮುಂದುವರಿಸಬೇಕಿತ್ತು?

ನೀನು ಓದಿದ್ದನ್ನು ಕೇಳಿ ಅಜ್ಜಿ, "ನಾನು ನಿದ್ದೆ ಮಾಡಿದ್ದಕ್ಕೇ ನಿಂತುಹೋಯ್ತೇನೇ?" ಅಂತ ನನ್ನನ್ನು ಕೇಳಿದಳು. ಡ್ರಾಪ್ಸ್ ಹಾಕುವಾಗ, ಅಲ್ಲ ಅಂತ ಹೇಳು. ಯಾರಿಂದ ನಿಂತಿತು ಅಂತಲೂ ಹೇಳು.

ಆಮೇಲೆ ಫ್ರಿಜ್ಜಿಗೆ ಅಂಟಿಸಿದ್ದೀಯಲ್ಲ, 'ಕೊಂದವರು ಯಾರು?' ಅನ್ನೋ ಪೋಸ್ಟರು, ಅದನ್ನು ಹರಿಯಬೇಡ. ಬಚ್ಚಲುಮನೆ ಕನ್ನಡಿಯ ಪಕ್ಕ ಅಂಟಿಸು. ಹಲ್ಲುಜ್ಜುವಾಗ ಉತ್ತರ ಕಾಣುತ್ತೆ.

ಅಕ್ಕ